ಅಟ್ಟಕ್ಕೊಂದು ಬೆಳ್ಳಿ ಹೊದಿಕೆ

ಮೊನ್ನೆ ಬೆಳಿಗ್ಗೆಯೂ ಎಂದಿನ ಹಾಗೆ ಎದ್ದು, ಬಾಗಿಲು ತೆಗೆದು, ಅಂಗಳಕ್ಕೆ ನೀರು ಚಿಮುಕಿಸಿ, ಚಹಾಕ್ಕೆ ಇಟ್ಟೆ. ಒಬ್ಬಳಿಗೇ ಚಹಾ ಮಾಡುವುದು ನನಗೆ ಇವತ್ತಿಗೂ ಸರಿಯಾಗಿ ಬಂದಿಲ್ಲ. ಒಂದು ಲೋಟಕ್ಕೆಂದು ಇಟ್ಟರೆ ಒಂದೂವರೆ ಆಗುತ್ತದೆ. ಆ ಅರ್ಧ ಲೋಟ ಯಾರದೆಂದು ಗೊತ್ತಾಗದೆ ಪಾತ್ರೆಯಲ್ಲೇ ಕೆನೆಗಟ್ಟುತ್ತದೆ. ಅಷ್ಟರಲ್ಲಿ ಮೀನಿನವಳು ಗೇಟಿನ ಹತ್ತಿರ ಕೂಗಿದಳು. ನಾನು ಕೊಳ್ಳುವುದು ಎರಡೇ ಬಂಗಡೆ ಎಂದು ಗೊತ್ತಿರುವುದರಿಂದ ಅವಳು ಬುಟ್ಟಿಯನ್ನು ತಲೆಯಿಂದ ಇಳಿಸುವ ಶ್ರಮ ತೆಗೆದುಕೊಳ್ಳುವುದಿಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸುತ್ತಾಳೆ, ನಾನು ಕೈ ಹಾಕಿ ಆರಿಸಿಕೊಳ್ಳುತ್ತೇನೆ. ಎಲ್ಲ ದಿನದ ಹಾಗೆಯೇ ಇತ್ತು, ಒಂದನ್ನು ಬಿಟ್ಟು. ಮನೆ ತಂಪಾಗಿತ್ತು. ನನ್ನ ಈಗಿನ ಕಷ್ಟ ಅದೇ.

ಬೆಳಕೆ ಊರಿನ ನಮ್ಮ ಮನೆ ಮೊದಲು ಹೆಂಚಿನದು. ಮಂಗಗಳಿಗೆ ನಮ್ಮ ಮಾಡಿನ ಮೇಲೆ ಏನೋ ಅಕ್ಕರೆ. ಊರಲ್ಲಿ ಅಷ್ಟು ಮನೆಗಳಿದ್ದರೂ ಮದುವೆ, ಜಗಳ, ಮಕ್ಕಳಿಗೆ ಹಾರುವ ಪಾಠ, ಎಲ್ಲ ನಮ್ಮಲ್ಲೇ ಆಗಬೇಕು. ಮುರಿದ ಹೆಂಚು ಬದಲಿಸಿ ಬದಲಿಸಿ ಸಾಕಾಗಿ ನನ್ನವರು ಒಂದು ಮಳೆಗಾಲಕ್ಕೆ ಮುಂಚೆ ತಗಡಿನ ಶೀಟು ಹೊದಿಸಿದರು. ಶೀಟು ಬಿಸಿಲಿಗೆ ಕಾಯುತ್ತದೆಂದು ಮಂಗಗಳಿಗೆ ಒಂದೇ ದಿನದಲ್ಲಿ ತಿಳಿಯಿತು, ಮತ್ತೆ ಬರಲಿಲ್ಲ. ನನಗೂ ತಿಳಿಯಿತು, ಆದರೆ ನಾನು ಹೋಗುವುದೆಲ್ಲಿಗೆ? ಬಿಸಿ ಗಾಳಿ ಮೇಲಕ್ಕೇರುತ್ತದೆ ಎಂದು ಹೊನ್ನಾವರದ ಕಾನ್ವೆಂಟಿನಲ್ಲಿ ಸಿಸ್ಟರ್ ಮೇಣದಬತ್ತಿ ಹಚ್ಚಿ ತೋರಿಸಿದ್ದರು. ಮೇಲೆ ಜಾಗ ತುಂಬಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆಂದು ಅವರು ಹೇಳಿರಲಿಲ್ಲ. ನಮ್ಮ ಅಟ್ಟದಿಂದ ಅದು ನೇರ ಕೆಳಗಿಳಿದು ನನ್ನ ಮಂಚದ ಮೇಲೆ ಮಲಗುತ್ತಿತ್ತು.

ನನ್ನವರು ಮಲ್ಪೆಯ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಾರೆ. ಅವರು ನೆಮ್ಮದಿಯಾಗಿ ಮನೆಯಲ್ಲಿರುವುದು ಮಳೆಗಾಲದಲ್ಲಿ, ಬೋಟುಗಳೆಲ್ಲ ದಡ ಸೇರಿದಾಗ. ಆಗ ನಮ್ಮ ಮನೆ ಸ್ವರ್ಗ. ಹಾಗಾಗಿ ಸೆಕೆಯ ವಿಷಯ ಹೇಳಿದರೆ ನಾನು ಯಾವುದೋ ಬೇರೆ ಮನೆಯ ಸುದ್ದಿ ಹೇಳುತ್ತಿದ್ದೇನೆ ಎಂಬಂತೆ ಕೇಳುತ್ತಾರೆ. ಮಗಳು ಮದುವೆಯಾಗಿ ಅಂಕೋಲೆಯಲ್ಲಿದ್ದಾಳೆ. ಅವಳಿಗೆ ಹೇಳಿದರೆ "ಅಮ್ಮ, ಎಳನೀರು ಕುಡಿ" ಎನ್ನುತ್ತಾಳೆ. ಉಳಿದವರು ಪಕ್ಕದ ಮನೆಯ ನಾಗವೇಣಕ್ಕ. ಅವರ ಜಗಲಿಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ನಾಲ್ಕೈದು ಹೆಂಗಸರು ಸೇರುತ್ತಾರೆ. ಹುಣಸೆ ಬಿಡಿಸುತ್ತಾರೆ, ಮೊಗ್ಗು ಕಟ್ಟುತ್ತಾರೆ, ಕೈಗೆ ಕೆಲಸವಿಲ್ಲದಿದ್ದರೆ ಯಾರನ್ನಾದರೂ ಆಡಿಕೊಳ್ಳುತ್ತಾರೆ. ಅವರೆಲ್ಲ ಕಾರಣ ಹುಡುಕಿಕೊಂಡು ಬರುವವರಲ್ಲ, ಸುಮ್ಮನೆ ಬರುವವರು. ನನಗೆ ಮಾತ್ರ ಆ ಸುಮ್ಮನೆ ಬರುವುದು ಬರುವುದಿಲ್ಲ. ಕಾನ್ವೆಂಟಿನಲ್ಲಿ ನೀರು ಕುಡಿಯಲು ಎದ್ದರೂ ಕಾರಣ ಹೇಳಬೇಕಿತ್ತು. ಆ ಅಭ್ಯಾಸ ಹಾಗೇ ಉಳಿದುಬಿಟ್ಟಿದೆ. ಕೈಯಲ್ಲೊಂದು ಕಾರಣವಿಲ್ಲದೆ ನಾನು ಯಾರ ಗೇಟನ್ನೂ ತೆರೆಯಲಾರೆ. ಸೆಕೆ ಇತ್ತಲ್ಲ, ಅದೊಂದು ದೊಡ್ಡ ಅನುಕೂಲವಾಗಿತ್ತು. "ಅಬ್ಬ, ಎಂತ ಸೆಕೆ ನಾಗವೇಣಕ್ಕ, ಒಳಗೆ ಕೂರೂಕೇ ಆಗೂದಿಲ್ಲ" ಎನ್ನುತ್ತಾ ಮೆಟ್ಟಿಲು ಹತ್ತಿದರೆ ಆಯಿತು. ಚಹಾದ ಹೊತ್ತು ಮುಗಿಯುವ ತನಕ ನನ್ನ ಜಾಗ ಭದ್ರ.

ಹೀಗೆ ದಿನಾ ಹೇಳಿದ್ದೇ ತಪ್ಪಾಯಿತು. ಒಂದು ದಿನ ನಾಗವೇಣಕ್ಕ, "ಕುಮಟೆಯಲ್ಲಿ ನನ್ನ ತಂಗಿ ಮನೆ ಶೀಟಿನಡಿಗೆ ಸೆಕೆ ತಡ್ಯೂಕೆ ಎಂತದೋ ಬೆಳ್ಳಿ ಬಣ್ಣದ ಹಾಳೆ ಹೊಡ್ಸಿರು ಕಣೆ. ಒಳಗೆ ತಂಪಂದ್ರೆ ತಂಪು. ನೀನೂ ಹೊಡ್ಸೆ ಮಾರಾಯ್ತಿ, ದಿನಾ ಹೀಂಗೆ ಬೇಯೂದು ಎಂತಕ್ಕೆ?" ಎಂದರು. ಅವರ ಸೊಸೆ ಆಗಲೇ ಮೊಬೈಲು ತೆಗೆದು, "ನಂಬರ್ ಕಳಿಸ್ತೆ ಅತ್ತೆ" ಎಂದಳು. ಕಳಿಸಿಯೇಬಿಟ್ಟಳು. ಆ ಮಾತು ನನ್ನ ಮೇಲಿನ ಕಾಳಜಿಯೋ, ದಿನಾ ಬಂದದ್ದು ಸಾಕು ಎಂಬ ಸೂಚನೆಯೋ ಎಂದು ಎಷ್ಟು ಮಗುಚಿ ನೋಡಿದರೂ ತಿಳಿಯಲಿಲ್ಲ. ಇಷ್ಟು ದಿನ ಸೆಕೆ ಸೆಕೆ ಎಂದವಳು ಈಗ ಬೇಡ ಎಂದರೆ ಸುಳ್ಳುಗಾತಿಯಾಗುತ್ತೇನೆ. ನನ್ನವರಿಗೆ ಫೋನು ಮಾಡಿದೆ. "ನೀ ಒಬ್ಬಳೇ ಇರೂದಲ್ಲನ, ಅಷ್ಟು ಖರ್ಚು ಎಂತಕ್ಕೆ? ಫ್ಯಾನು ಸಾಲೂದಿಲ್ಲನ?" ಎಂದರು. ಫ್ಯಾನು ಮೇಲಿನ ಬಿಸಿಯನ್ನೇ ಕೆಳಗೆ ಹಂಚುತ್ತದೆ ಎಂದು ವಿವರಿಸಿದೆ. ಇಂಜಿನ್ನಿನವರಲ್ಲವೆ, ಅರ್ಥವಾಯಿತು. "ಆತು, ಮಾಡ್ಸು" ಎಂದರು. ನನಗೆ ಮಾತ್ರ ಆ 'ಒಬ್ಬಳೇ' ಎಂಬುದು ಲೆಕ್ಕಕ್ಕೆ ಸಿಗದೆ ಉಳಿಯಿತು. ಒಬ್ಬಳಿಗೆ ಸೆಕೆ ಕಡಿಮೆ ಆಗುತ್ತದೆಯೇ?

ಹೊನ್ನಾವರದಿಂದ ಬಂದ ಕೆಲಸದವನೂ ಅದನ್ನೇ ಕೇಳಿದ. "ಎಷ್ಟು ಜನ ಇರ್ತ್ರಿ ಅಕ್ಕ?" ನಾನು ಹೇಳಿದೆ. ಅವನು ಒಮ್ಮೆ ಮಾಡನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ, ಮಾಡು ಬಹಳ ದೊಡ್ಡದಿದೆ ಎಂದ. ಅಟ್ಟ ಖಾಲಿ ಮಾಡಿದಾಗ ಹರಕು ಬಲೆ, ಹಂಡೆ, ಮಳೆಗಾಲಕ್ಕೊಂದರಂತೆ ಕಡ್ಡಿ ಮುರಿದ ಕೊಡೆಗಳು ಇಳಿದು ಬಂದವು. ಎರಡು ದಿನ ಮನೆಯಲ್ಲಿ ಸುತ್ತಿಗೆಯ ಸದ್ದು, ಕೆಲಸದವರ ಮೊಬೈಲಿನ ಹಾಡು, "ಅಕ್ಕ, ಚಾ ಉಂಟನ?" ಎಂಬ ಕೂಗು. ಆ ಎರಡು ದಿನ ನನ್ನ ಚಹಾದ ಅಳತೆ ತಪ್ಪಲಿಲ್ಲ. ಕೆಲಸ ಮುಗಿದಾಗ ಇಡೀ ಅಟ್ಟ ಒಳಗಿನಿಂದ ಬೆಳ್ಳಿಯ ಕರಡಿಗೆಯಂತೆ ಹೊಳೆಯಿತು. ಒಳಗೆ ಇಡಲು ಬಲೆ, ಹಂಡೆ, ಕೊಡೆಗಳು ಮಾತ್ರ ಇದ್ದವು ಎಂಬುದು ಬೇರೆ ಮಾತು.

ಇಷ್ಟು ಖರ್ಚಿಗೆ ಇದು ಸರಿಯೇ ಎಂದು ಯಾರಾದರೂ ಕೇಳಿದರೆ ನಾನು ಹೌದೆಂದೇ ಹೇಳಬೇಕು. ಮಧ್ಯಾಹ್ನ ಸ್ಟೀಲಿನ ಲೋಟ ಮುಟ್ಟಿದರೆ ಕೈ ಸುಡುವುದಿಲ್ಲ. ಬೆಲ್ಲ ನೀರೊಡೆಯುವುದಿಲ್ಲ. ಹಾಸಿಗೆ ಬೆನ್ನಿಗೆ ಅಂಟುವುದಿಲ್ಲ. ಬಿಸಿಲೇರಿದಾಗ ಶೀಟು ಟಿಕ್ ಟಿಕ್ ಎಂದು ಹಿಗ್ಗುತ್ತಿದ್ದದ್ದು ಕೂಡ ಈಗ ಕೇಳುವುದಿಲ್ಲ. ಮೊನ್ನೆ ಊಟ ಮುಗಿಸಿ ಆ ತಂಪಿನಲ್ಲಿ ಕಾಲು ಚಾಚಿ ಮಲಗಿದೆ. ಮನೆ ಎಷ್ಟು ಸುಮ್ಮನಿತ್ತೆಂದರೆ ಪಕ್ಕದ ಜಗಲಿಯ ಒಂದೊಂದು ನಗುವೂ ಬಿಡಿಬಿಡಿಯಾಗಿ ಕೇಳಿತು. ಯಾರು ನಕ್ಕರೆಂದು ಗೊತ್ತಾಯಿತು, ಯಾತಕ್ಕೆಂದು ಗೊತ್ತಾಗಲಿಲ್ಲ. ಎದ್ದು ಕುಳಿತು ಕಾರಣಗಳನ್ನು ಹುಡುಕಿದೆ. ಕರಿಬೇವು ಕೇಳೋಣವೆಂದರೆ ಊರಿಗೆ ಹಂಚುವಷ್ಟು ನಮ್ಮ ಹಿತ್ತಲಲ್ಲೇ ಇದೆ. ಕರೆಂಟಿಲ್ಲ ಎನ್ನೋಣವೆಂದರೆ ಇಬ್ಬರ ಮನೆಗೂ ಒಂದೇ ಕಂಬ. ಅಷ್ಟು ದುಡ್ಡು ಕೊಟ್ಟು ತಂಪು ಮಾಡಿಸಿಕೊಂಡ ಮನೆಯಲ್ಲಿ, ಫ್ಯಾನಿನಡಿ ಕುಳಿತು, ನಾನು ಬೆವರಿದೆ.

ಸಂಜೆಯ ಹೊತ್ತಿಗೆ ತಡೆಯಲಾಗಲಿಲ್ಲ. ಕಾರಣವಿಲ್ಲದೆ ಹೊರಟೆ. ಗೇಟು ತೆರೆದು ಒಳಗೆ ಹೋದ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೆಟ್ಟಿಲ ಬುಡದಲ್ಲಿ ನಿಂತೆ. ನಾಗವೇಣಕ್ಕ ಒಬ್ಬರೇ ಹುಣಸೆಬೀಜ ಬೇರೆ ಮಾಡುತ್ತಾ ಕುಳಿತಿದ್ದರು.

"ಮಧ್ಯಾಹ್ನ ಎಂತಕ್ಕೆ ಬರ್ಲಿಲ್ಲ?" ಎಂದರು.

"ಮನೆ ತಂಪಾತಲ್ಲ ನಾಗವೇಣಕ್ಕ," ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ಬಾಯಿ ಮುಂದೆ ಹೋಯಿತು. "ಇನ್ನು ಸೆಕೆ ಅಂತ ಹೇಳ್ಕಂಡು ಬರೂಕೆ ಆಗೂದಿಲ್ಲ."

ಅವರು ಮುಖ ಎತ್ತಲಿಲ್ಲ. ಒಂದು ಬೀಜ ಅಂಗಳಕ್ಕೆ ಎಸೆದು, ಇನ್ನೊಂದು ಹುಣಸೆ ಕೈಗೆತ್ತಿಕೊಂಡು ಹೇಳಿದರು:

"ನೀ ಯಾವಾಗ ಸೆಕೆಗೆ ಬಂದವಳೆ? ಹೋದ ಚಳಿಗಾಲದಲ್ಲಿ ಶೀತ ಆಗಿ, ತಲೆಗೆ ಶಾಲು ಸುತ್ಕಂಡು, ಸೀನ್ಕಂತ ಬಂದವಳು, ಆಗ್ಲೂ ಅಬ್ಬ ಎಂತ ಸೆಕೆ ಅಂತಲೇ ಇದ್ದೆ. ಕುತ್ಕ."