ಈಸಿಚೇರು ಮತ್ತು ಸಮತೋಲಿತ ಬಲಗಳು

ನಾನು ಸೋಮಾರಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಮನೆಯಲ್ಲಿ ಬೇರೆ ಅಭಿಪ್ರಾಯವಿದೆ. ಬನಶಂಕರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿ ಹಗಲೆಲ್ಲ ಜಡತ್ವದ ಪಾಠ ಮಾಡುವ ನಾನು, ಸಂಜೆ ಜಯನಗರದ ಮನೆಗೆ ಬಂದು ಅದನ್ನು ಆಚರಣೆಗೆ ತರುತ್ತೇನೆ, ಅಷ್ಟೆ. ನಿಂತ ವಸ್ತುವನ್ನು ಯಾರೂ ತಳ್ಳದಿದ್ದರೆ ಅದು ನಿಂತೇ ಇರುತ್ತದೆ. ಕೂತ ಮೇಷ್ಟ್ರೂ ಹಾಗೆಯೇ. ಗ್ರಹ ನಕ್ಷತ್ರಗಳೇ ತಲೆಬಾಗುವ ನಿಯಮಕ್ಕೆ ನಾನೂ ತಲೆಬಾಗಿದರೆ ಅದನ್ನು ಸೋಮಾರಿತನ ಎನ್ನುವುದು ಯಾವ ನ್ಯಾಯ?

ನಾನು ಕೂರುವುದು ನಡುಮನೆಯ ಈಸಿಚೇರಿನಲ್ಲಿ. ನಮ್ಮಪ್ಪನ ಕಾಲದ್ದು, ತೇಗದ್ದು. ಅದರ ಬಟ್ಟೆ ನನ್ನ ಬೆನ್ನಿನ ಆಕಾರಕ್ಕೆ ಸರಿಯಾಗಿ ಜೋತುಬಿದ್ದಿದೆ. ಮದುವೆಯಾದಂದಿನಿಂದ ನನ್ನ ಹೆಂಡತಿ ಕಮಲಳದು ಒಂದೇ ರಾಗ: "ರೀ, ಓಡಾಡೋಕೆ ಅಡ್ಡ ಆಗತ್ತೆ, ಹಿತ್ತಲಿಗೆ ಹಾಕ್ರೀ." ನಮ್ಮಮ್ಮನದು ಅದಕ್ಕೆ ಎದುರು ರಾಗ: "ಅವರು ಕೂತಿದ್ದ ಕುರ್ಚಿ ಕಣೇ ಅದು. ಮುಟ್ಟಿದ್ರೆ ನೋಡು!" ಎರಡು ಸಮಬಲ, ಎರಡು ವಿರುದ್ಧ ದಿಕ್ಕು, ಫಲಿತ ಸೊನ್ನೆ. ನಡುವೆ ನಾನು ನೆಮ್ಮದಿಯಾಗಿ ಪೇಪರ್ ಓದುತ್ತಿದ್ದೆ. ಒಮ್ಮೆ ಸ್ಕೂಲಿನ ಹಗ್ಗಜಗ್ಗಾಟದಲ್ಲಿ ಎರಡೂ ತಂಡ ಸಮವಾಗಿ ಎಳೆದು ಹಗ್ಗ ಒಂದಿಂಚೂ ಅಲ್ಲಾಡಲಿಲ್ಲ. ಹೆಡ್‌ಮಾಸ್ಟರು, "ಏನ್ರೀ ಮೇಷ್ಟ್ರೇ, ಯಾರೂ ಎಳೀತಾನೇ ಇಲ್ವಲ್ಲ!" ಎಂದು ರೇಗಿದ್ದರು. ಅಲ್ಲಾಡದೆ ಇರುವುದರ ಹಿಂದೆ ಎಷ್ಟು ಬಲ ಬೇಕೆಂದು ಲೋಕಕ್ಕೆ ತಿಳಿಯುವುದೇ ಇಲ್ಲ.

ಈ ಸಮತೋಲ ಕೆಟ್ಟಿದ್ದು ಟಿವಿಯಿಂದ. ಪಕ್ಕದ ಮನೆಯ ಸಾವಿತ್ರಮ್ಮ ಟಿವಿ ತಂದ ಮೇಲೆ ನಮ್ಮಮ್ಮ ಭಾನುವಾರದ ಸಿನಿಮಾಕ್ಕೆ ಅಲ್ಲಿಗೇ ಹೋಗುತ್ತಿದ್ದಳು. ಒಂದು ಭಾನುವಾರ ಸಿನಿಮಾ ಮುಗಿಯುವ ಮೊದಲೇ ಮುಖ ಊದಿಸಿಕೊಂಡು ಬಂದಳು.

"ನೆಂಟರು ಬಂದ್ರೂಂತ ನನ್ನ ಎಬ್ಬಿಸಿ ಬಾಗಿಲ ಹಿಂದೆ ಕೂರಿಸಿದ್ಲು ಕಣೋ. ಹೀರೋದು ಅರ್ಧ ಮುಖಾನೇ ಕಾಣ್ತಿದ್ದಿದ್ದು. ನಮ್ಮನೇಗೂ ಒಂದು ಟಿವಿ ತಗೊಂಡು ಬಾ."

"ಎಲ್ಲಿಡೋದಮ್ಮ?" ಎಂದೆ. ಅವಳು ನನ್ನ ಕುರ್ಚಿಯನ್ನು ನೋಡಿದಳು. ಕಮಲ ಆಗಲೇ ಆ ಜಾಗವನ್ನು ಗೇಣು ಹಾಕಿ ಅಳೆಯತೊಡಗಿದ್ದಳು.

"ಅಪ್ಪನ ಕುರ್ಚಿ ಅಂತಿದ್ದೆಯಲ್ಲಮ್ಮ?"

"ಅವರಿಗೂ ಸಿನಿಮಾ ಅಂದ್ರೆ ಪ್ರಾಣ ಕಣೋ."

ನನಗೆ ನಿಜಕ್ಕೂ ನೋವಾಯಿತು. ಹೆಂಡತಿಯ ವಿರೋಧವನ್ನು ಗಂಡಸು ಹೇಗೋ ತಡೆದುಕೊಳ್ಳಬಹುದು. ಹೆತ್ತ ತಾಯಿ ಪಕ್ಷಾಂತರ ಮಾಡಿದರೆ ಎಲ್ಲಿಗೆ ಹೋಗುವುದು? ಆ ಮನೆಯಲ್ಲಿ ನನ್ನದು ಎಂದು ಇದ್ದದ್ದು ಅದೊಂದೇ ಜಾಗ. ಟಿವಿ ಬರುವ ದಿನ ಬೆಳಗಿನಿಂದಲೇ ಅದರಲ್ಲಿ ಕೂತುಬಿಟ್ಟೆ. "ನನ್ನನ್ನೂ ಸೇರಿಸಿ ತಳ್ಳಿ, ನೋಡೋಣ!" ಎಂದು ಸವಾಲು ಹಾಕಿದೆ. ದ್ರವ್ಯರಾಶಿ ಹೆಚ್ಚಿದಷ್ಟೂ ವೇಗೋತ್ಕರ್ಷ ಕಡಿಮೆ, ಮತ್ತು ನನ್ನ ದ್ರವ್ಯರಾಶಿ ಏನೂ ಕಡಿಮೆಯಿಲ್ಲ. ಆದರೆ ಕುರ್ಚಿಯ ಕಾಲುಗಳ ಕೆಳಗೆ ಕಮಲ ಆಗಲೇ ಗೋಣಿತಾಟು ಹಾಸಿಟ್ಟಿದ್ದನ್ನು ನಾನು ಗಮನಿಸಿರಲಿಲ್ಲ.

"ಒರಳುಕಲ್ಲು ಸಾಗಿಸಿದ್ದೂ ಹೀಗೇ ಅಲ್ವಾ ಅತ್ತೆ?" ಎಂದಳು ಕಮಲ, ನನ್ನ ಬೆನ್ನ ಹಿಂದೆ ನಿಂತು.

"ಹೂಂ ಕಣೇ. ಅದು ಇಷ್ಟು ಮಾತಾಡ್ತಿರ್ಲಿಲ್ಲ," ಎಂದಳು ನಮ್ಮಮ್ಮ.

ಇಬ್ಬರೂ ಒಂದೇ ಕಡೆಯಿಂದ ತಳ್ಳಿದರು. ಅಷ್ಟು ವರ್ಷ ಒಂದನ್ನೊಂದು ಅಳಿಸುತ್ತಿದ್ದ ಬಲಗಳು ಒಟ್ಟಾದವು. ಕಾವಿ ನೆಲದ ಮೇಲೆ ಗೋಣಿತಾಟು ಜಾರಿತು, ಅಡುಗೆಮನೆ ದಾಟುವ ಹೊತ್ತಿಗೆ ಗಾಡಿಗೆ ಒಳ್ಳೆಯ ವೇಗವೇ ಬಂದಿತ್ತು. ಹಿತ್ತಲ ಬಾಗಿಲ ಹೊಸ್ತಿಲಿಗೆ ಬಡಿದು ಕುರ್ಚಿ ನಿಂತಿತು. ನಾನು ನಿಲ್ಲಲಿಲ್ಲ. ಚಲಿಸುವ ವಸ್ತು ಚಲಿಸುತ್ತಲೇ ಇರುತ್ತದೆ ಎಂಬುದನ್ನು ಒಗೆಯುವ ಕಲ್ಲಿನವರೆಗೂ ಹೋಗಿ ಸಾಬೀತು ಮಾಡಿದೆ.

ನಾನು ಸೋತೆ ಎಂದು ಮಾತ್ರ ಯಾರೂ ತಿಳಿಯಬಾರದು. ಅಂದು ಕದಲಿದ್ದು ಕುರ್ಚಿ; ನಾನು ಕೂತೇ ಇದ್ದೆ. ಕೊನೆಯಲ್ಲಿ ಹಾರಿದ್ದೂ ನಿಯಮದ ಪ್ರಕಾರವೇ. ಈಗ ಕುರ್ಚಿ ಹಿತ್ತಲ ಕರಿಬೇವಿನ ಗಿಡದ ಕೆಳಗಿದೆ, ನಾನು ಅದರಲ್ಲಿದ್ದೇನೆ. ಭಾನುವಾರ, "ಒಳಗೆ ಬನ್ರೀ, ಸಿನಿಮಾ ಶುರುವಾಯ್ತು," ಎಂದು ಕಮಲ ಕೂಗಿದರೂ ನಾನು ಏಳುವುದಿಲ್ಲ. ಇಲ್ಲಿಂದ ಬಾಗಿಲ ಸಂದಿಯಲ್ಲಿ ಹೀರೋನ ಅರ್ಧ ಮುಖ ಕಾಣುತ್ತದೆ. ಕುರ್ಚಿಯನ್ನು ಒಂದು ಗೇಣು ಎಡಕ್ಕೆ ಸರಿಸಿದರೆ ಪೂರ್ತಿ ಮುಖವೇ ಕಾಣುತ್ತದೆ. ನಾನಾಗಿ ಸರಿಸುವುದಿಲ್ಲ. ಯಾರಾದರೂ ತಳ್ಳಿದರೆ ಅದು ಬೇರೆ ಮಾತು.