ಜಪಾನಿನವರ ಅಂಗಡಿಯಲ್ಲಿ ಮೋಹಿನಿಯ ಎಡೆ

ಹೆಂಡತಿ ಮೋಹಿನಿ ತೀರಿಹೋಗಿ ವರ್ಷ ತುಂಬಿದ ದಿನದ ಎಡೆಯನ್ನು ಲಂಡನ್ನಿನಲ್ಲಿ ಇದುವರೆಗೆ ಯಾರೂ ಬಡಿಸದ ಹಾಗೆ ಬಡಿಸುತ್ತೇನೆಂದು ರಘುರಾಮ ಶಪಥ ಮಾಡಿದ. ಟೂಟಿಂಗಿನ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ಮುಖ್ಯ ಅಡುಗೆಯವನಾಗಿದ್ದವನ ಶಪಥ, ಸಾಮಾನ್ಯದ್ದಲ್ಲ. ಅವನು ಒಗ್ಗರಣೆ ಹಾಕಿದರೆ ಥೇಮ್ಸ್ ನದಿಯ ಆಚೆ ದಡದವರು ಸೀನುತ್ತಿದ್ದರು!

ಕುಂದಾಪುರದ ಅವನ ಮನೆತನದ ಕ್ರಮ ಇಷ್ಟು: ಸತ್ತವರು ಆಸೆಪಟ್ಟದ್ದನ್ನು ಬಿಸಿಬಿಸಿಯಾಗಿ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಒಮ್ಮೆ ಕೆಮ್ಮಿ ಬಾಗಿಲು ತೆರೆಯಬೇಕು.

ಮೋಹಿನಿ ಬಾಯಿಬಿಟ್ಟು ಆಸೆಪಟ್ಟದ್ದು ಜೀವಮಾನದಲ್ಲಿ ಒಂದೇ. ಸ್ಟ್ರಾಟ್‌ಫರ್ಡಿನಲ್ಲಿ ಜಪಾನಿನವರದೊಂದು ಅಂಗಡಿ. ಕೋಳಿಯ ತುಂಡುಗಳನ್ನು ಬಿದಿರಿನ ಕಡ್ಡಿಗೆ ಚುಚ್ಚಿ ಇದ್ದಿಲ ಕೆಂಡದ ಮೇಲೆ ಸುಡುತ್ತಾರೆ. ಒಲಿಂಪಿಕ್ಸ್ ನಡೆದ ವರ್ಷ ಅದರ ಹೊಗೆಯ ಘಮಕ್ಕೆ ಸೋತು, ಒಂದು ಸಲ ಹೋಗುವ ಎಂದಿದ್ದಳು. ಕೋಳಿ ಬೇಯಿಸುವವನನ್ನೇ ಕೋಳಿ ತಿನ್ನಲು ಕರೆಯುತ್ತೀಯಾ, ಮುಂದಿನ ತಿಂಗಳು ನೋಡುವ ಎಂದು ಇವನು ನಕ್ಕಿದ್ದ. ಮುಂದಿನ ತಿಂಗಳುಗಳು ಅರುವತ್ತು ಕಳೆದವು. ಆಸ್ಪತ್ರೆಯ ಮಂಚದಲ್ಲೂ ಅವಳು, "ಅಲ್ಲಿಗೊಂದ್ ಸಲ ಹೋಯ್ಕಿತ್ತ್" ಎಂದಿದ್ದಳು. ಆ ಮಾತು ಒಂದು ವರ್ಷದಿಂದ ರಘುರಾಮನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಪಾರ್ಸೆಲ್ ತರೋಣವೆಂದಳು ಮಗಳು ಪ್ರೇಕ್ಷಾ. ಸ್ಟ್ರಾಟ್‌ಫರ್ಡಿನಿಂದ ಟೂಟಿಂಗಿಗೆ ಟ್ಯೂಬ್ ರೈಲಿನಲ್ಲಿ ಬರುವಷ್ಟರಲ್ಲಿ ಕೋಳಿಗೆ ನೆಗಡಿಯಾಗುತ್ತದೆ ಎಂದು ರಘುರಾಮ ತಳ್ಳಿಹಾಕಿದ. ಎಡೆ ಅಲ್ಲೇ ಆಗಬೇಕು.

"ಅಪ್ಪಯ್ಯ, ಪ್ಲೀಸ್. ಅಲ್ಲಿ ಬಾಗಿಲು ಹಾಕ್ಕೊಂಡು ನಿಲ್ಲೋಕೆ ಬಿಡೋದಿಲ್ಲ."

"ನೀ ಸುಮ್ನೆ ಬಾ ಹೆಣೆ. ನಾ ಕಾಣ್ತೆ."

ಅದೃಷ್ಟಕ್ಕೆ ಜಾರುಬಾಗಿಲಿನ ಪುಟ್ಟ ಕೋಣೆಯೊಂದು ಸಿಕ್ಕಿತು. ಮೂರು ಕುರ್ಚಿ ಹಾಕಿಸಿ, ನಿಮ್ಮಲ್ಲಿ ಯಾವುದು ಹೆಚ್ಚು ಹೋಗುತ್ತದೋ ಅದನ್ನೇ ತನ್ನಿ ಎಂದು ರಘುರಾಮ ಮಹಾರಾಜನ ಗತ್ತಿನಲ್ಲಿ ಅಪ್ಪಣೆ ಕೊಟ್ಟ. ಕಡ್ಡಿಗಳು ಬಂದವು. ತಟ್ಟೆಯನ್ನು ಖಾಲಿ ಕುರ್ಚಿಯ ಮುಂದಿಟ್ಟು, ಮಗಳೊಡನೆ ಹೊರಗೆ ಬಂದು, ಬಾಗಿಲೆಳೆದು ಕೈಮುಗಿದು ನಿಂತ.

ಆದರೆ ಅದು ಇಂಗ್ಲೆಂಡು. ಇಬ್ಬರು ಮುಚ್ಚಿದ ಬಾಗಿಲ ಮುಂದೆ ತಲೆತಗ್ಗಿಸಿ ನಿಂತರೆ ಅದು ಟಾಯ್ಲೆಟ್ಟೇ ಎಂದು ಆ ದೇಶದ ನಂಬಿಕೆ. ಒಬ್ಬ ಮುದುಕ ಬಂದು ಹಿಂದೆ ನಿಂತ. ಅವನ ಹಿಂದೆ ಇಬ್ಬರು ಹೆಂಗಸರು. ಐದು ನಿಮಿಷದಲ್ಲಿ ಕ್ಯೂ ಒಲಿಂಪಿಕ್ ಪಾರ್ಕ್ ದಾಟಿ ಕೇಂಬ್ರಿಡ್ಜಿನ ಕಡೆಗೆ ಹೊರಟಿತ್ತು! ಒಳಗಿದ್ದವರಿಗೆ ಇನ್ನೂ ಎಷ್ಟು ಹೊತ್ತಾದೀತು ಎಂದು ಮುದುಕ ಬಹಳ ಮರ್ಯಾದೆಯಿಂದ ಕೇಳಿದ. ಆರು ವರ್ಷ ಕಾದಿದ್ದಾಳೆ, ಸ್ವಲ್ಪ ನಿಧಾನವಾಗಿ ತಿನ್ನಲಿ ಎಂದ ರಘುರಾಮ. ಮುದುಕ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ.

ರಘುರಾಮ ಕೆಮ್ಮಿದ. ಬಾಗಿಲು ಸರಿಸಿದ.

ಕಡ್ಡಿಗಳಿಲ್ಲ. ತಟ್ಟೆಯೂ ಇಲ್ಲ. ಒರೆಸಿದ ಮೇಜು ಫಳಫಳ ಹೊಳೆಯುತ್ತಿದೆ.

ಮೋಹಿನಿ ಬಂದಿದ್ದಳು. ಉಂಡ ತಟ್ಟೆಯನ್ನು ತೊಳೆಯದೆ ಬಿಟ್ಟವಳಲ್ಲ ಅವಳು. ಹೆಂಡತಿಯ ಹೆಣದ ಮುಂದೆಯೂ ಅಳದ ಮನುಷ್ಯ, ಒದ್ದೆ ಮೇಜಿಗೆ ಹಣೆಯಿಟ್ಟು ಬಿಕ್ಕಿಬಿಕ್ಕಿ ಅತ್ತ. ಕ್ಯೂವಿನಲ್ಲಿದ್ದವರು ಒಬ್ಬೊಬ್ಬರಾಗಿ ಕಾಲ್ತೆಗೆದರು.

ಆಗ ಕೋಣೆಯ ಹಿಂದಿನ ಗೋಡೆ ಸರಿಯಿತು. ಅಲ್ಲೂ ಒಂದು ಬಾಗಿಲು, ಅಡುಗೆಮನೆಗೆ. ಬಡಿಸುವ ಹುಡುಗಿ ಇಣುಕಿ, ನೀವು ಎದ್ದು ಹೋದಿರೆಂದುಕೊಂಡು ತಟ್ಟೆ ತೆಗೆದುಬಿಟ್ಟೆ, ಕ್ಷಮಿಸಿ ಎಂದಳು. ಪ್ರೇಕ್ಷಾ ತಗ್ಗಿದ ದನಿಯಲ್ಲಿ ಎಲ್ಲವನ್ನೂ ವಿವರಿಸಿದಳು. ಹುಡುಗಿ ಬಿಳಿಚಿಕೊಂಡು ಒಳಗೋಡಿ, ಮಸಿಗೈಯ ಮುದಿ ಅಡುಗೆಯವನನ್ನು ಕರೆತಂದಳು.

ಅವನು ಖಾಲಿ ಕುರ್ಚಿಗೆ ಸೊಂಟ ಬಗ್ಗಿಸಿ ತುಂಬ ಹೊತ್ತು ನಮಸ್ಕರಿಸಿದ. ತಾನೇ ಹೊಸದಾಗಿ ಸುಟ್ಟು ತರುತ್ತೇನೆಂದ. ಹೊರಟವನು ತಿರುಗಿ, ಅಮ್ಮನವರಿಗೆ ಬರೀ ಉಪ್ಪು ಹಾಕಿ ಸುಡಲೋ, ಸಿಹಿ ಸಾಸ್ ಹಚ್ಚಿ ಸುಡಲೋ, ಯಾವುದು ಇಷ್ಟ ಎಂದು ರಘುರಾಮನನ್ನು ಕೇಳಿದ.

ರಘುರಾಮ ಬಾಯಿ ತೆರೆದ. ಟೂಟಿಂಗಿನ ಮುನ್ನೂರು ಗಿರಾಕಿಗಳಲ್ಲಿ ಯಾರಿಗೆ ಉಪ್ಪು ಮುಂದು, ಯಾರಿಗೆ ಹುಳಿ ಹಿಂದು ಎಂದು ನಿದ್ದೆಯಲ್ಲೂ ಹೇಳಬಲ್ಲ ಬಾಯಿ ಅದು. ಮಗಳ ಮುಖ ನೋಡಿದ.

"ನಂಗೊತ್ತಿಲ್ಲ ಅಪ್ಪಯ್ಯ," ಎಂದಳು ಪ್ರೇಕ್ಷಾ. "ಅಮ್ಮ ಆಲ್ವೇಸ್ 'ಇವ್ರಿಗೆ ಎಂತದೋ ನಂಗೂ ಅದೇ ಸಾಕ್' ಅಂತಿದ್ರ್."

ಅಡುಗೆಯವನು ಅವಸರಪಡಿಸದೆ ಕಾಯುತ್ತ ನಿಂತ. ಸಂಸಾರದ ಮೂವತ್ತೊಂದು ವರ್ಷದಲ್ಲಿ, ಮೋಹಿನಿಗೆ ಏನಿಷ್ಟ ಎಂದು ವಿಚಾರಿಸಿದ ಮೊದಲ ಗಂಡಸು ಅವನು.