ಸಾಹೇಬರ ಜೇಬಿನಲ್ಲಿ ಎರಡು ಕೀಲಿಕೈ

"ಈ ಸಲ ನನ್ನ ಪರೀಕ್ಷೆ ಕೆಡಿಸೋ ಗಂಡಸು ಇನ್ನೂ ಹುಟ್ಟಿಲ್ಲ!" ಎಂದು ಸಾಹೇಬರು ಶನಿವಾರ ಬೆಳಿಗ್ಗೆ ತಿಂಡಿ ಮೇಜಿನ ಮುಂದೆ ಎದೆಯುಬ್ಬಿಸಿ ಘೋಷಿಸಿದರು.

"ಹುಟ್ಟಿ, ರಿಟೈರೂ ಆಗಿದೀನಿ," ಎಂದರು ಮಾವ, ಪೇಪರಿನಿಂದ ತಲೆ ಎತ್ತದೆ.

ಮಾವ ಹೇಳಿದ್ದು ಸುಳ್ಳಲ್ಲ. ಸಾಹೇಬರು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ಅವರ ಉದ್ಯೋಗ. ಮನೆಗೆ ಬಂದ ಮೇಲೂ ಆ ಚಾಳಿ ಬಿಡದ ಕಾರಣ 'ಸಾಹೇಬರು' ಎಂಬ ಬಿರುದನ್ನು ಹೆಂಡತಿಯೇ ದಯಪಾಲಿಸಿದ್ದಳು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರೆಲ್ಲ ದೊಡ್ಡ ಡಿಗ್ರಿ ತೋರಿಸಿ ತಮ್ಮ ತಲೆಯ ಮೇಲೆ ಬಂದು ಕೂರುವುದನ್ನು ನೋಡಿ ಹೊಟ್ಟೆ ಉರಿದು, ಸಾಹೇಬರೂ ಆನ್‌ಲೈನಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿಗೆ ಸೇರಿಕೊಂಡಿದ್ದರು. ಎಲ್ಲ ಮುಗಿದು ಉಳಿದಿದ್ದು ಒಂದೇ ಒಂದು ಪೇಪರು. ಅದು ಹಿಂದಿನ ಸಲ ರದ್ದಾಗಿತ್ತು! ಪರೀಕ್ಷೆಯ ಹೊತ್ತಿನಲ್ಲಿ ಕ್ಯಾಮೆರಾಕ್ಕೆ ಇನ್ನೊಬ್ಬರ ಮುಖ ಕಾಣಬಾರದು, ದನಿ ಕೇಳಬಾರದು ಎಂಬುದು ವಿಶ್ವವಿದ್ಯಾಲಯದ ನಿಯಮ. ಅಂಥ ಹೊತ್ತಿನಲ್ಲಿ ಮಾವ ಒಳಗೆ ಬಂದು, "ನನ್ನ ಕನ್ನಡಕ ಕಂಡ್ಯೇನಪ್ಪಾ?" ಎಂದಿದ್ದರು. ಕನ್ನಡಕದ ಮೇಲೆ ಸಾಹೇಬರೇ ಕೂತಿದ್ದರು.

ಈ ಸಲವೂ ರದ್ದಾದರೆ ಇಡೀ ಸೆಮಿಸ್ಟರ್ ಮತ್ತೆ ಓದಬೇಕು. ಹಾಗಾಗಿ ಸಾಹೇಬರು ಯುದ್ಧಕ್ಕೆ ಹೊರಟ ಸೇನಾಪತಿಯಂತೆ ಸಿದ್ಧತೆ ಮಾಡಿಕೊಂಡಿದ್ದರು. ಬೋಳು ಗೋಡೆ, ಒಳಗಿನಿಂದ ಚಿಲಕ ಎರಡೂ ಇದ್ದದ್ದು ಅಡುಗೆಮನೆಯ ಹಿಂದಿನ, ಬಟ್ಟೆ ಒಗೆಯುವ ಕೋಣೆಗೆ ಮಾತ್ರ. ವಾಷಿಂಗ್ ಮೆಷಿನ್ ಮೇಲೆ ಹಲಗೆ ಹಾಸಿದರೆ ಮೇಜು ತಯಾರು! ಫೋನನ್ನು ಸ್ವಿಚ್ ಆಫ್ ಮಾಡಿ ಫ್ರಿಜ್ ಮೇಲಿಟ್ಟರು. ಹೊರಗಿನವರು ಯಾರೂ ನುಗ್ಗಬಾರದೆಂದು ಮನೆಯ ಮುಂಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಕೀಲಿಕೈ ಜೇಬಿಗಿಳಿಸಿದರು. ಒಳಗಿನವರು ಯಾರೂ ತೆರೆಯಬಾರದೆಂದು ಬದಲಿ ಕೀಲಿಕೈಯನ್ನೂ ಜೇಬಿಗಿಳಿಸಿದರು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೀಲಿಕೈ ಕೇಳುತ್ತಾರೆ!

ಪರೀಕ್ಷೆ ಶುರುವಾಯಿತು. ಬಾಗಿಲು ಕ್ಯಾಮೆರಾಕ್ಕೆ ಕಾಣಬೇಕೆಂಬ ನಿಯಮದಂತೆ ಸಾಹೇಬರು ಅದಕ್ಕೆ ಬೆನ್ನು ಹಾಕಿ ಕೂತರು. ಪರದೆಯ ಮೂಲೆಯಲ್ಲಿ ಮೇಲ್ವಿಚಾರಕಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮೊದಲ ಪ್ರಶ್ನೆಯೇ ರಸಗವಳ: 'ಒಂದೇ ಒಂದು ಭಾಗ ಕೆಟ್ಟರೆ ಇಡೀ ವ್ಯವಸ್ಥೆ ನಿಂತುಹೋಗುವ ಅಪಾಯವನ್ನು ವಿವರಿಸಿ.' ಸಾಹೇಬರು ಕೀಬೋರ್ಡಿನ ಮೇಲೆ ಮಳೆ ಸುರಿಸಿದರು.

ಕೆಳಗೆ ರಸ್ತೆಯಲ್ಲಿ ಕಾರಿನ ಹಾರ್ನ್ ಕೇಳಿಸಿತು.

ಹೆಂಡತಿಗೆ ಡ್ರೈವಿಂಗ್ ಕಲಿಸುವ ಕೆಲಸ. ಅವತ್ತು ಅವಳ ಶಿಷ್ಯೆ, ಬೇಕರಿ ಅಜ್ಜಿಗೆ ಲೈಸೆನ್ಸ್ ಪರೀಕ್ಷೆ. ಹಿಂದೆ ಪ್ರತಿ ಸಲವೂ ರಿವರ್ಸ್ ತೆಗೆಯುವಾಗ ಫೇಲಾಗಿದ್ದ ಅಜ್ಜಿ ಕಾರಿನಲ್ಲಿ ಕೂತು ಕಾಯುತ್ತಿದ್ದರು. ಹೆಂಡತಿ ಮುಂಬಾಗಿಲು ಎಳೆದಳು. ತೆರೆಯಲಿಲ್ಲ. ಕೀಲಿಕೈ ತೂಗುಹಾಕುವ ಮೊಳೆ ನೋಡಿದಳು. ಖಾಲಿ! ಕೂಗಿದರೆ ಗಂಡನ ಪರೀಕ್ಷೆ ಹಾಳು. ಪಾಪ, ಅವಳು ಅಷ್ಟು ಕೋಪದಲ್ಲೂ ಬಾಯಿಗೆ ಬೀಗ ಹಾಕಿಕೊಂಡು, ಒಂದು ಕಾಗದದಲ್ಲಿ ಬರೆದು ಒಗೆಯುವ ಕೋಣೆಯ ಬಾಗಿಲ ಸಂದಿಯಲ್ಲಿ ತಳ್ಳಿದಳು.

ಪರದೆಯ ಮೇಲೆ ಅಕ್ಷರ ಮೂಡಿತು: 'ನಿಮ್ಮ ಬಾಗಿಲ ಕೆಳಗಿನಿಂದ ಕಾಗದ ಬಂದಿದೆ. ಇದು ಉತ್ತರವೇ?'

'ಅಲ್ಲ, ಹೆಂಡತಿ,' ಎಂದು ಸಾಹೇಬರು ಟೈಪಿಸಿದರು.

'ಎತ್ತಿ ಕ್ಯಾಮೆರಾಕ್ಕೆ ತೋರಿಸಿ.'

ತೋರಿಸಿದರು. ಅದರಲ್ಲಿ ಇದ್ದದ್ದು ಇಷ್ಟೇ: 'ಕೀಲಿಕೈ ತಳ್ಳಿ. ಅಜ್ಜಿ ಕಾಯ್ತಿದಾರೆ.'

'ಕೀಲಿಕೈ ಹೊರಗೆ ತಳ್ಳಬಹುದೇ?' ಎಂದು ಸಾಹೇಬರು ವಿನಯದಿಂದ ಕೇಳಿದರು.

'ಏನನ್ನೂ ಹೊರಗೆ ಕೊಡುವಂತಿಲ್ಲ. ಕೊಟ್ಟರೆ ಪರೀಕ್ಷೆ ರದ್ದು.'

ಸಾಹೇಬರು ಕೀಲಿಕೈ ಮುಟ್ಟಿ ನೋಡಿಕೊಂಡರು. ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಪದವಿಯೂ ಬಂತು. ಪದವಿ ಗೆದ್ದಿತು. 'ಅಜ್ಜಿಗೆ ಹೇಗೂ ಫೇಲಾಗಿ ಅಭ್ಯಾಸವಿದೆ' ಎಂದು ಸಮಾಧಾನ ಹೇಳಿಕೊಂಡು ಎರಡನೇ ಪ್ರಶ್ನೆಗೆ ಕೈ ಹಾಕಿದರು.

ಆಗ ಅವರ ಮೇಜು ಗುರ್ ಎಂದಿತು!

ಹಿಂದಿನ ಸೆಮಿಸ್ಟರಿನಲ್ಲಿ ಸಾಹೇಬರು ಒಂದು ಪ್ರಾಜೆಕ್ಟ್ ಮಾಡಿದ್ದರು. ಶನಿವಾರ ಬೆಳಿಗ್ಗೆ ವಾಷಿಂಗ್ ಮೆಷಿನ್ ತಾನಾಗಿಯೇ ಶುರುವಾಗುವ ಪ್ರೋಗ್ರಾಮು. ಅದಕ್ಕೆ ಬಂದ ಅಂಕಗಳನ್ನು ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದ್ದರು. ಹೆಂಡತಿ ಎಂದಿನಂತೆ ಬಟ್ಟೆ ತುಂಬಿಟ್ಟಿದ್ದಳು. ನಿಲ್ಲಿಸಬೇಕಾದ ಫೋನು ಫ್ರಿಜ್ ಮೇಲೆ ತಣ್ಣಗೆ ಮಲಗಿತ್ತು. ಹಲಗೆ ಕುಣಿಯಿತು, ಲ್ಯಾಪ್‌ಟಾಪ್ ಕುಣಿಯಿತು, ಅದನ್ನು ಅಪ್ಪಿ ಹಿಡಿದ ಸಾಹೇಬರೂ ಕುಣಿದರು.

'ದಯವಿಟ್ಟು ಅಲುಗಾಡಬೇಡಿ,' ಎಂದು ಪರದೆ ಹೇಳಿತು. ಸ್ವಲ್ಪ ಹೊತ್ತಿನ ಬಳಿಕ, 'ನಿಮ್ಮ ಆರೋಗ್ಯ ಸರಿಯಿದೆಯೇ?' ಎಂದಿತು.

ಇತ್ತ ಹೊರಗೆ, ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ ಮಾವನ ಮುಖ ಅರಳಿತು. ಅವರು ಅಗ್ನಿಶಾಮಕ ದಳದಿಂದ ನಿವೃತ್ತರಾದವರು. ಅಂದಿನಿಂದ ಯಾರೂ ಅವರನ್ನು ಕಾಪಾಡಿ ಎಂದು ಕರೆದಿರಲಿಲ್ಲ. "ಕಾಗದಕ್ಕೆ ಉತ್ತರ ಇಲ್ಲ. ಒಳಗೆ ದಡಬಡ ಸದ್ದು. ಬಿದ್ದು ಒದ್ದಾಡ್ತಿದಾನೆ ಕಣಮ್ಮಾ!" ಎಂದು ಮಗಳ ಕಿವಿಯಲ್ಲಿ ಪಿಸುಗುಟ್ಟಿ, ಅವಳು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದರೂ ಕೇಳದೆ ಅಡುಗೆಮನೆಯ ಏಣಿ ತಂದು ಸರಸರನೆ ಏರಿದರು.

'ನಿಮ್ಮ ಬಾಗಿಲ ಮೇಲಿನ ಕಿಟಕಿಯಲ್ಲಿ ಒಂದು ತಲೆ ಇದೆ,' ಎಂದು ಪರದೆ ಹೇಳಿತು.

"ಬದುಕಿದಾನೆ!" ಎಂದು ತಲೆ ಘರ್ಜಿಸಿತು.

ಪರದೆ ಕಪ್ಪಾಯಿತು. ಪರೀಕ್ಷೆ ರದ್ದು.

ಸಾಹೇಬರು ಚಿಲಕ ತೆಗೆದರು. ಹೆಂಡತಿ ಕೈ ಚಾಚಿದಳು. ಅವರು ಎರಡೂ ಕೀಲಿಕೈ ಕೊಟ್ಟರು.

"ಕಾಗದ ಓದಿದ್ರಾ?"

"ಓದಿದೆ."

ಅವಳು ಕೀಲಿಕೈ ಹಿಡಿದು ಮೆಟ್ಟಿಲಿಳಿದು ಓಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಾಹೇಬರಿಗೆ ಪರೀಕ್ಷೆ ಹೋದದ್ದಕ್ಕಿಂತ ತಮ್ಮ 'ಓದಿದೆ' ಎಂಬ ಮಾತೇ ಹೆಚ್ಚು ಚುಚ್ಚಿತು. ಅಜ್ಜಿ ತಡವಾಗಿ ಹೋದರೂ, ಕಾದು ಕಾದು ಬಂದ ಸಿಟ್ಟಿನಲ್ಲಿ ಒಂದೇ ಏಟಿಗೆ ರಿವರ್ಸ್ ತೆಗೆದು ಪಾಸಾದರು.

ಸಾಹೇಬರು ನಡೆದದ್ದನ್ನೆಲ್ಲ ವಿವರಿಸಿ ವಿಶ್ವವಿದ್ಯಾಲಯಕ್ಕೆ ಮೇಲ್ಮನವಿ ಬರೆದರು. ಪ್ರೊಫೆಸರರಿಂದ ಉತ್ತರ ಬಂತು: 'ಮನವಿ ತಿರಸ್ಕೃತ. ಆದರೆ ಘಟನೆ ಅದ್ಭುತ. ಪಾಠಕ್ಕೆ ಬಳಸಿಕೊಳ್ಳಬಹುದೇ?' ಬಳಸಿಕೊಳ್ಳಿ ಎಂದರು.

ಸೆಮಿಸ್ಟರ್ ಪೂರ್ತಿ ಮತ್ತೆ ಓದಿ, ಮತ್ತೆ ಪರೀಕ್ಷೆಗೆ ಕೂತರು. ಈ ಸಲ ಮಲಗುವ ಕೋಣೆ. ಬಾಗಿಲಿಗೆ ಚಿಲಕವಿಲ್ಲ, ಮುಂಬಾಗಿಲ ಕೀಲಿಕೈ ಮೊಳೆಯಲ್ಲಿ. ಹೊರಗೆ ಸ್ಟೂಲ್ ಹಾಕಿಕೊಂಡು ಹೆಂಡತಿಯೇ ಕಾವಲು. ಯಾವ ವಿಘ್ನವೂ ಇಲ್ಲದೆ ಮುಗಿಸಿ ಸಾಹೇಬರು ಹೊರಬಂದರು.

"ಹೇಗಿತ್ತು?" ಎಂದಳು ಹೆಂಡತಿ.

"ನಮ್ಮನೆ ಕಥೆನೇ ಕೇಳಿದ್ರು ಕಣೇ! ಬೀಗ, ಮೆಷಿನ್, ಏಣಿ, ಎಲ್ಲಾ! ಇದರಲ್ಲಿ ಕೆಟ್ಟಿರೋ ಭಾಗ ಯಾವುದು ಅಂತ ಪ್ರಶ್ನೆ."

"ಅಯ್ಯೋ, ಇದಕ್ಕಿಂತ ಸುಲಭ ಬೇಕಾ? ಏನು ಬರೆದ್ರಿ?"

"ಮೆಷಿನ್ ಬಗ್ಗೆ ಒಂದು ಪುಟ ಬರೆದೆ. ನಿಮ್ಮಪ್ಪನ ಬಗ್ಗೆ ಎರಡು ಪುಟ."

ಮಾವ ಕನ್ನಡಕ ಸರಿಮಾಡಿಕೊಂಡು ಅಳಿಯನನ್ನು ನೋಡಿದರು. ಹೆಂಡತಿ ಸ್ಟೂಲ್ ಎತ್ತಿಕೊಳ್ಳುತ್ತಾ ಕೇಳಿದಳು, "ಉತ್ತರಪತ್ರಿಕೆ ಮೇಲ್ಗಡೆ ನಿಮ್ಮ ಹೆಸರು ಹಾಕಿದ್ರಿ ತಾನೆ?"

"ಹಾಕಿದೀನಪ್ಪಾ. ಯಾಕೆ?"

"ಹಾಗಾದ್ರೆ ಹೆದರಬೇಡಿ, ಪಾಸಾಗ್ತೀರಿ. ಸರಿ ಉತ್ತರ ಅಲ್ಲೇ ಇದೆ."